ದಲೀಲಾ ನೀರು ಚೆಲ್ಲಲಿಲ್ಲ

ನಮ್ಮಪ್ಪ ನೆಟ್ಟ ಆಲಿವ್ ಮರದಾಣೆ, ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಸುಳ್ಳು ಹೇಳಿದ್ದೇನಿದ್ದರೂ ವಿಮಾನ ನಿಲ್ದಾಣದಲ್ಲಿ, ಆ ಮನುಷ್ಯನಿಗೆ. ನಿಮಗೆ ಹೇಳುತ್ತಿರುವುದು ಬರೀ ನಿಜ. ಆ ಮರ ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಅದನ್ನು ಮಾರಿ ಬಹಳ ಕಾಲವಾಯಿತು, ಆದರೆ ಆಣೆಗೆ ಈಗಲೂ ನಡೆಯುತ್ತದೆ.

ಮಾರ್ಸೇಯ್‌ನಿಂದ ಹಳೆಯ ಕಾಫಿ ಯಂತ್ರಗಳ ಬಿಡಿಭಾಗ ತಂದು ತ್ಯೂನಿಸ್‌ನ ಕಾಫಿ ಅಂಗಡಿಗಳಿಗೆ ಮಾರುವುದು ನನ್ನ ಕಸುಬು. ಹಾಗಾಗಿ ತಿಂಗಳಿಗೊಮ್ಮೆ ಸಮುದ್ರ ದಾಟುತ್ತೇನೆ. ವರ್ಷಕ್ಕೊಮ್ಮೆ ಹೊತ್ತಿಗೆ ಸರಿಯಾಗಿ ದಾಟುತ್ತೇನೆ. ಅವತ್ತು ತ್ಯೂನಿಸ್‌ನಿಂದ ಫ್ರಾನ್ಸಿನ ಮಾರ್ಸೇಯ್‌ಗೆ ಹೊರಡಬೇಕಿದ್ದ ವಿಮಾನ ಒಂದು ಫ್ರೆಂಚ್ ಕಂಪನಿಯದು. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ಇನ್ನೂ ತಡ ಮಾಡುತ್ತಾರೆ.

ಬೆಳಿಗ್ಗೆ ಹೊರಡಬೇಕಾಗಿದ್ದ ವಿಮಾನ ಮಧ್ಯಾಹ್ನವಾದರೂ ಗಾಜಿನ ಆಚೆ ಬಿಸಿಲು ಕಾಯಿಸುತ್ತಾ ನಿಂತಿತ್ತು. ಸಾಮಾನು ತುಂಬುವ ಬಾಗಿಲು ಮುಚ್ಚುತ್ತಿರಲಿಲ್ಲ. ಇಬ್ಬರು ಏಣಿ ಹತ್ತಿ ಅದನ್ನು ಒಳಕ್ಕೆ ತಳ್ಳುವುದು, ಅದು ಮೆಲ್ಲಗೆ ಮತ್ತೆ ತೆರೆದುಕೊಳ್ಳುವುದು. ನಮ್ಮ ಕಡೆಯ ಗಂಡಸರ ರೂಢಿಯಂತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಮಲ್ಲಿಗೆ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು. ಗೇಟಿನ ಮೇಜಿನ ಹಿಂದೆ ಯುಸ್ರಾ ಎಂಬ ಹುಡುಗಿ ಒಬ್ಬಳೇ ನಿಂತು ಇಡೀ ವಿಮಾನದವರ ಬೈಗುಳ ಕೇಳುತ್ತಿದ್ದಳು.

ಅಷ್ಟು ಜನರಲ್ಲಿ ಸಿಟ್ಟಿಲ್ಲದೆ ಕುಳಿತವನು ಒಬ್ಬನೇ, ನನ್ನ ಪಕ್ಕದವನು. ಅರವತ್ತರ ಆಸುಪಾಸು, ತಲೆಗೆ ಕೆಂಪು ಟೋಪಿ, ಉಗುರುಗಳ ಸಂದಿಯಲ್ಲಿ ಸುಣ್ಣ. ಯುಸ್ರಾ ಮೈಕಿನಲ್ಲಿ, "ಇನ್ನೂ ಸ್ವಲ್ಪ ಹೊತ್ತಾಗುತ್ತೆ, ದಯವಿಟ್ಟು ಸಹಕರಿಸಿ" ಎಂದಾಗ ಎಲ್ಲರೂ ಹೋ ಎಂದು ಕೂಗಿದರು. ಇವನು ಎದೆಯ ಮೇಲೆ ಕೈಯಿಟ್ಟು, "ದೇವರು ದೊಡ್ಡವನು" ಎಂದ.

"ಏನ್ ಸ್ವಾಮಿ, ಊರಿಗೆಲ್ಲಾ ಸಂಕಟ, ನಿಮಗೆ ಹಬ್ಬ?" ಎಂದೆ.

ಅವನು ನನ್ನ ಕಡೆ ವಾಲಿದ. "ನಿಮ್ಮ ಹೆಸರು?"

"ತಿಜಾನಿ."

"ನಾನು ಖಮೈಸ್, ನಾಬೆಲ್ ಊರವನು. ನೋಡಿ ಸಿ ತಿಜಾನಿ," ಎಂದು ನನ್ನ ಹೆಸರಿಗೆ ಮರ್ಯಾದೆಯ 'ಸಿ' ಸೇರಿಸಿ ಹೇಳಿದ, "ನೀವು ಓಡಾಡೋರ ಥರ ಕಾಣ್ತೀರ. ಐದು ಗಂಟೆ ತಡ ಆಯ್ತು ಅಂದ್ರೆ ಟಿಕೆಟ್ ದುಡ್ಡು ವಾಪಸ್ ಇಸ್ಕೊಂಡು ಮನೆಗೆ ಹೋಗ್ಬಹುದಂತೆ. ಹೌದಾ?"

"ಹೌದು. ಯುರೋಪಿನ ಕಂಪನಿ, ಯುರೋಪಿಗೆ ಹೋಗೋ ವಿಮಾನ, ಅದಕ್ಕೆ ಅವರ ಕಾನೂನು. ಎರಡು ಗಂಟೆ ಆದ್ರೆ ತಿಂಡಿ ನೀರು. ಐದಾದ್ರೆ, ನನಗೆ ಪ್ರಯಾಣ ಬೇಡ ಅನ್ನೋನಿಗೆ ಟಿಕೆಟ್ ದುಡ್ಡು. ಕಾದು ಹೋದೋನು ಅಲ್ಲಿ ಮೂರು ಗಂಟೆ ತಡವಾಗಿ ಇಳಿದ್ರೆ ಅವನಿಗೆ ಪರಿಹಾರ ಬೇರೆ."

"ಪರಿಹಾರ ನೀವೇ ಇಟ್ಕೊಳ್ಳಿ. ನನಗೆ ಹಕ್ಕಿದೆ ಅಂತ ಒಂದು ಮಾತು ಸಾಕು. ಎರಡು ಸಲ ಹಕ್ಕಿಲ್ಲದೇನೇ ಮನೆಗೆ ಹೋಗಿದ್ದೀನಿ."

ಆಮೇಲೆ ಅವನೇ ಎಲ್ಲ ಹೇಳಿದ. ಮಗಳು ಇನ್ಸಾಫ್ ಮಾರ್ಸೇಯ್‌ನಲ್ಲಿದ್ದಾಳೆ. ಗಂಡು ಮಗುವಾಗಿದೆ. ಹೆಂಡತಿ ದಲೀಲಾ ಬಾಣಂತಿಗೆಂದು ಎಳ್ಳು, ಬೆಣ್ಣೆ, ಜೇನು ಹಾಕಿ ಜ್ರೀರ್ ಮಾಡಿದ್ದಾಳೆ. ವೀಸಾ ಕೇಳಿದರೆ ದಲೀಲಾಗೆ ಇಲ್ಲ ಎಂದರು, ಇವನಿಗೆ ಹೂಂ ಎಂದರು. ಹೀಗೆ ಅಜ್ಜಿಯ ಕಣ್ಣಿನಿಂದಲೂ ಮಗುವನ್ನು ನೋಡಿ ಬರುವ ಕೆಲಸ ಇವನ ಪಾಲಿಗೆ ಬಿತ್ತು. ಎರಡು ಸಲ ಬಂದ, ಎರಡು ಸಲವೂ ಗೇಟಿನವರೆಗೆ ಬಂದು, ವಿಮಾನಕ್ಕೆ ಹೆದರಿ ತಿರುಗಿದ. ವೀಸಾ ಈ ವಾರಕ್ಕೆ ಮುಗಿಯುತ್ತದೆ. ಇವತ್ತು ತಿರುಗಿದರೆ ಮತ್ತೆ ಕೊಡುತ್ತಾರೋ ಇಲ್ಲವೋ ದೇವರಿಗೇ ಗೊತ್ತು, ಮಗು ಅಷ್ಟರಲ್ಲಿ ಮೀಸೆ ಬಿಟ್ಟಿರುತ್ತದೆ.

"ಅಷ್ಟು ಭಯವಾ?" ಎಂದೆ. "ಕೆಲಸ ಏನು ನಿಮ್ದು?"

"ಮಿನಾರುಗಳಿಗೆ ಸುಣ್ಣ ಹೊಡೆಯೋದು."

"ಎಲ್ಲಿಂದ, ಕೆಳಗಿಂದಾನಾ?"

"ಕೆಳಗಿಂದ ಹೊಡೆಯೋಕೆ ನಾನೇನು ಒಂಟೇನಾ? ಮೇಲೆ ಹತ್ತಿ. ಸೊಂಟಕ್ಕೊಂದು ಹಗ್ಗ. ಗಾಳಿ ಬಂದ್ರೆ ಅಲ್ಲೇ ನೇತಾಡ್ತಾ ಸಿಗರೇಟು ಸೇದ್ತೀನಿ."

"ಮತ್ತೆ ವಿಮಾನಕ್ಕೆ ಯಾಕಪ್ಪಾ ಹೆದರ್ತೀರ?"

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ಮಿನಾರಿನ ಬುಡ ನೆಲದಲ್ಲಿದೆ, ಸಿ ತಿಜಾನಿ. ಇದರ ಬುಡ ಎಲ್ಲಿದೆ, ತೋರಿಸಿ ನೋಡೋಣ."

ಅಲ್ಲಿಯವರೆಗೆ ಆರಾಮಾಗಿ ಹಾರುತ್ತಿದ್ದವನು ನಾನು. ಅವತ್ತಿನಿಂದ ಸೀಟಿನಲ್ಲಿ ಕುಳಿತ ತಕ್ಷಣ ಅದರ ಬುಡ ನೆನಪಾಗುತ್ತದೆ.

"ಒಂದು ವಿಷಯ ಕೇಳ್ಬೇಕು," ಎಂದು ಅವನು ದನಿ ತಗ್ಗಿಸಿದ. "ಎರಡು ಸಲಾನೂ ನಾನು ಹತ್ತಲಿಲ್ಲ ಅಂತ ನನ್ನ ಪೆಟ್ಟಿಗೆ ಹುಡುಕಿ ಇಳಿಸಿದ್ರು. ಹತ್ತದೇ ಇರೋನ ಪೆಟ್ಟಿಗೆ ಒಯ್ಯೋ ಹಾಗಿಲ್ವಂತೆ. ನನ್ನಿಂದ ವಿಮಾನ ತಡ ಆಯ್ತು. ಆ ಜನಕ್ಕೆ ಪರಿಹಾರ ಸಿಕ್ತಾ? ರಾತ್ರಿ ಅದೇ ಯೋಚನೆ."

"ಸಿಕ್ಕಿರಲ್ಲ. ಕಂಪನಿ ಕೈ ಮೀರಿದ ಸಂದರ್ಭ ಅಂತ ಒಂದಿದೆ. ಬಿರುಗಾಳಿ ಬಂದ್ರೆ, ಜ್ವಾಲಾಮುಖಿ ಸಿಡಿದ್ರೆ ಅವರು ಕೊಡ್ಬೇಕಾಗಿಲ್ಲ. ಅದರ ಸಾಲಿಗೆ ನೀವು."

"ಜ್ವಾಲಾಮುಖಿ ಸಾಲಿಗಾ?" ಖಮೈಸ್ ನೆಟ್ಟಗೆ ಕುಳಿತ. ನನಗೆ ಕಂಡದ್ದು ನಿಜವಾದರೆ, ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಕಂಪನಿಯವರು ಕಾನೂನಿನ ಪ್ರಕಾರ ಟ್ಯೂನಾ ಮೀನಿನ ಬನ್ನು, ನೀರಿನ ಬಾಟಲಿ ಹಂಚಿದರು. ಬನ್ನಿನಲ್ಲಿ ಮೀನು ಇದೆ ಎಂದು ನಂಬುವುದು ಪ್ರಯಾಣಿಕರ ಕರ್ತವ್ಯ. ಖಮೈಸ್ ತಿನ್ನಲಿಲ್ಲ. ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕುಳಿತ. ಮುಖದ ಮೇಲಿದ್ದ ನಗೆಯೂ ಹೋಯಿತು. ಇವನನ್ನು ಸ್ವಲ್ಪ ನಗಿಸೋಣ ಎಂದು ನನಗೆ ಅನ್ನಿಸಿತು. ನಗಿಸಬೇಕೆಂದಾಗ ನಾನು ನಮ್ಮ ಸೋದರತ್ತೆಯನ್ನು ಹೊರಗೆ ತೆಗೆಯುತ್ತೇನೆ.

"ನೀರು ಅಂದ ಕೂಡಲೇ ನೆನಪಾಯ್ತು. ನಮ್ಮ ಸೋದರತ್ತೆ ಮಹಬೂಬಾ ಅಂತ. ಅವಳ ಮಗ ಲಿಯೋನ್‌ಗೆ ಹೊರಟ. ಹೊರಟೋರ ಬೆನ್ನ ಹಿಂದೆ ಹೊಸ್ತಿಲಲ್ಲಿ ಒಂದು ಲೋಟ ನೀರು ಚೆಲ್ತೀವಲ್ಲ, ಹೋದೋರು ಕ್ಷೇಮವಾಗಿ ತಿರುಗಿ ಬರಲಿ ಅಂತ? ನಮ್ಮತ್ತೆ ಅಂದ್ಕೊಂಡಳು, ಫ್ರಾನ್ಸ್ ದೂರ, ಒಂದು ಲೋಟ ಎಲ್ಲಿ ಸಾಲುತ್ತೆ. ಬಕೆಟ್ ಸುರಿದಳು. ಸಾಲದು ಅಂತ ಪಕ್ಕದ ಮನೆ ಪೈಪು ಎಳೆದು ಇಡೀ ಬೀದಿ ತೊಳೆದುಬಿಟ್ಟಳು. ವಿಮಾನ ಹಾರ್ತು. ಸಾರ್ಡೀನಿಯಾ ದ್ವೀಪದ ಮೇಲೆ ಹೋಗಿ ನಿಂತ್ಕೊಳ್ತು."

"ನಿಂತ್ಕೊಳ್ತಾ?"

"ನಿಂತೇಬಿಡ್ತು. ಪೈಲಟ್ ಎಷ್ಟು ಒತ್ತಿದ್ರೂ ಮುಂದಕ್ಕೆ ಹೋಗ್ಲೇ ಇಲ್ಲ. ಕೊನೆಗೆ ಮೈಕಿನಲ್ಲಿ ಕೇಳ್ದ: ಯಾರದೋ ತಾಯಿ ನೀರು ಜಾಸ್ತಿ ಚೆಲ್ಲಿದ್ದಾರೆ, ಯಾರಪ್ಪಾ ಅದು, ಕೈ ಎತ್ತಿ ಅಂತ. ಅರ್ಧ ವಿಮಾನ ಕೈ ಎತ್ತಿತು. ವಾಪಸ್ ತಂದು ಇಳಿಸ್ದ. ಅವತ್ತಿಂದ್ಲೇ ನೋಡಿ ವಿಮಾನ ನಿಲ್ದಾಣದಲ್ಲಿ ನೀರು ತರೋ ಹಾಗಿಲ್ಲ ಅಂತ ಮಾಡಿದ್ದು. ಬಾಂಬು ಗೀಂಬು ಅಂತ ಹೇಳ್ತಾರೆ, ಅದೆಲ್ಲಾ ಸುಳ್ಳು. ಕಾರಣ ನಮ್ಮತ್ತೆ."

ಎದುರು ಸೀಟಿನಲ್ಲಿ ನೂಲಿನ ಟೋಪಿ ಹೆಣೆಯುತ್ತಾ ಕುಳಿತಿದ್ದ ಲಲ್ಲಾ ಝುಹೂರ್ ಎಂಬ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಖಮೈಸ್ ನಗಲಿಲ್ಲ. ಬಾಟಲಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

"ದಲೀಲಾ ಈ ಸಲ ನೀರು ಚೆಲ್ಲಲಿಲ್ಲ," ಎಂದ.

"ಏನಂದ್ರಿ?"

"ಎರಡು ಸಲಾನೂ ಚೆಲ್ಲಿದ್ಲು. ಚೆಲ್ಲಿದ ನೀರು ಒಣಗೋದ್ರೊಳಗೆ ನಾನು ವಾಪಸ್ ಬಂದಿದ್ದೆ. ಬೀದಿಯವರೆಲ್ಲಾ ನಕ್ಕರು. ಇವತ್ತು ಬೆಳಿಗ್ಗೆ ಕಾರು ಹತ್ತಿ ತಿರುಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ಲು, ಕೈ ಖಾಲಿ. ಕಾರು ಮೂಲೆ ತಿರುಗೋವರೆಗೂ ನೋಡ್ದೆ. ಚೆಲ್ಲಲೇ ಇಲ್ಲ. ನಲವತ್ತು ವರ್ಷದ ಸಂಸಾರ, ನಾನು ಪಕ್ಕದೂರಿನ ಮಿನಾರಿಗೆ ಹೋದ್ರೂ ಚೆಲ್ತಿದ್ದಳು. ನೀರಿಲ್ಲದೆ ಹೊರಟೋನು ತಿರುಗಿ ಬರ್ತಾನಾ, ಹೇಳಿ? ಇದು ಸಮುದ್ರಕ್ಕೆ ಬೀಳುತ್ತೆ ಅಂತ ಅವಳಿಗೆ ಏನೋ ಸೂಚನೆ ಸಿಕ್ಕಿದೆ. ಇಲ್ಲಾಂದ್ರೆ ನಾನು ಬರೋದೇ ಬೇಡ ಅಂತ ಅವಳಿಗೆ ಅನ್ನಿಸಿದೆ. ಎರಡರಲ್ಲಿ ಯಾವುದಾದ್ರೂ ನಾನು ಹತ್ತಲ್ಲ."

ನಮ್ಮ ಸೋದರತ್ತೆಯನ್ನು ಮೆಲ್ಲಗೆ ಮತ್ತೆ ಒಳಗಿಟ್ಟೆ. ಇದು ನನ್ನ ಬದುಕಿನಲ್ಲಿ ಅಪರೂಪಕ್ಕೆ ಆಗುವ ಘಟನೆ.

ಲಲ್ಲಾ ಝುಹೂರ್ ಹೆಣಿಗೆ ಕೆಳಗಿಟ್ಟಳು. "ಅಯ್ಯೋ ನನ್ನಪ್ಪಾ, ಅದಕ್ಕಿಷ್ಟು ಕೊರಗ್ತಿದ್ದೀಯಾ? ಏಳು, ನಾಕು ಹೆಜ್ಜೆ ನಡಿ, ನಾನು ಚೆಲ್ತೀನಿ," ಎಂದು ತನ್ನ ಬಾಟಲಿಯ ಮುಚ್ಚಳ ತಿರುಗಿಸಿದಳು.

"ಬೇಡಿ ಲಲ್ಲಾ. ಕಂಪನಿ ಕೊಟ್ಟ ನೀರು ಅದು. ಮನೆ ಹೊಸ್ತಿಲಲ್ಲಿ ಮನೆಯವರೇ ಚೆಲ್ಬೇಕು."

"ಹಾಗಾದ್ರೆ ಹೆಂಡ್ತಿಗೆ ಫೋನ್ ಮಾಡಿ ಕೇಳು, ಯಾಕೆ ಚೆಲ್ಲಲಿಲ್ಲ ಅಂತ."

"ಏನಂತ ಕೇಳಲಿ? ನಾನು ಸಾಯ್ಲಿ ಅಂತಾನಾ ಅಂತ ಕೇಳೋಕಾಗುತ್ತಾ?"

ಕೇಳುವ ಕಷ್ಟ ಅವನಿಗೆ ಬರಲಿಲ್ಲ, ಫೋನು ತಾನೇ ಬಡಿದುಕೊಂಡಿತು. ವಿಮಾನ ಯಾವಾಗಲೋ ಇಳಿದಿರಬೇಕಿತ್ತು, ಮಗಳು ಅಲ್ಲಿಂದ ಅಪ್ಪ ಬಂದಿಲ್ಲ ಎಂದಿದ್ದಾಳೆ. ದಲೀಲಾಳ ದನಿ ಎಂಥದ್ದೆಂದರೆ, ಖಮೈಸ್ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದಿದ್ದರೂ ಮೂರು ಸಾಲಿನವರಿಗೆ ಕೇಳಿಸಿತು.

"ಏ ಗಂಡಸೇ! ಎಲ್ಲಿದ್ದೀಯಾ?"

"ಇಲ್ಲೇ. ವಿಮಾನ ನಿಲ್ದಾಣದಲ್ಲಿ."

"ಯಾವ ದೇಶದ್ದು?"

"ನಮ್ದೇ."

"ಅಂದ್ಕೊಂಡೆ! ಮೂರನೇ ಸಲ! ನಾಚಿಕೆ ಆಗಲ್ವಾ?"

"ಇಲ್ಲ ಕಣೇ, ವಿಮಾನ ತಡ. ಪೆಟ್ಟಿಗೆ ಇಡೋ ಬಾಗಿಲು ಮುಚ್ತಾ ಇಲ್ಲ."

"ಎರಡನೇ ಸಲ ಪೈಲಟ್‌ಗೆ ಹಲ್ಲುನೋವು ಅಂದಿದ್ದೆ!"

ಖಮೈಸ್ ಸೋತು ಫೋನನ್ನು ನನ್ನ ಕೈಗೆ ತುರುಕಿದ. ನಾನು ಗಂಟಲು ಸರಿಮಾಡಿಕೊಂಡೆ. "ಅಕ್ಕಾ, ನಾನು ತಿಜಾನಿ, ಜೊತೆಗಿರೋ ಪ್ರಯಾಣಿಕ. ದೇವರಾಣೆ, ವಿಮಾನ ತಡ ಆಗಿದೆ."

"ಸುಳ್ಳು ಹೇಳೋಕೆ ಎಷ್ಟು ಕೊಟ್ಟಿದ್ದಾನೆ ನಿನಗೆ?"

ಇಂಥ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಹುಟ್ಟಿದಾಗಿನಿಂದ ಇವತ್ತಿನವರೆಗೆ ನಾನು ಸುಳ್ಳಿಗೆ ಒಂದು ಕಾಸೂ ತೆಗೆದುಕೊಂಡವನಲ್ಲ. ಹೋಗಿ ಹೋಗಿ ನಿಜ ಹೇಳಿದ ದಿನವೇ ಹೀಗಾಗಬೇಕೆ! ಫೋನನ್ನು ಯುಸ್ರಾಳ ಬಳಿ ಒಯ್ದೆ. ಬೆಳಿಗ್ಗೆಯಿಂದ ಬೈಸಿಕೊಂಡಿದ್ದ ಆ ಹುಡುಗಿ ಇನ್ನೊಂದು ಬೈಗುಳಕ್ಕೆ ತಯಾರಾಗಿ ಫೋನು ಹಿಡಿದಳು.

"ಹೌದು ಆಂಟಿ, ತಡ ಆಗಿದೆ... ಹೌದು, ಕಂಪನಿ ತಪ್ಪೇ... ಇಲ್ಲ, ಅವರು ಓಡಿಹೋಗಿಲ್ಲ, ಕೂತಿದ್ದಾರೆ... ಹೂಂ, ಬನ್ನು ಕೊಟ್ಟಿದ್ದೀವಿ." ಆಮೇಲೆ ಖಮೈಸ್‌ನ ಕಡೆ ನೋಡಿ, ಫೋನಿನ ಸದ್ದು ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು. ಅದರ ಅಗತ್ಯವಿರಲಿಲ್ಲ.

ಖಮೈಸ್ ನೆಲ ನೋಡುತ್ತಾ ಕೇಳಿದ. "ದಲೀಲಾ. ಇವತ್ತು ನೀರು ಯಾಕೆ ಚೆಲ್ಲಲಿಲ್ಲ?"

ಬೈದುಕೊಂಡು ಓಡಾಡುತ್ತಿದ್ದವರೂ ನಿಂತರು.

"ಚೆಲ್ಲಿದ್ರೆ ತಿರುಗಿ ಬರ್ತೀಯಲ್ಲೋ!" ಎಂದಳು ದಲೀಲಾ. ದನಿ ಈಗ ಸಣ್ಣದಾಗಿತ್ತು. "ಎರಡು ಸಲ ಚೆಲ್ಲಿದೆ, ಎರಡು ಸಲಾನೂ ಸಮುದ್ರ ದಾಟೋಕೆ ಮುಂಚೇನೇ ಎಳ್ಕೊಂಡು ಬಂತು. ನನ್ನ ಕೈ ಸ್ವಲ್ಪ ಜೋರು ಅಂತ ಕಾಣುತ್ತೆ. ಅದಕ್ಕೇ ಈ ಸಲ ತಡೆದೆ. ಬಕೆಟ್ ತುಂಬಿ ಬಾಗಿಲ ಹಿಂದೇನೇ ಇಟ್ಟಿದ್ದೀನಿ. ಕೋಳಿ ಕುಡಿಯುತ್ತೆ ಅಂತ ತಟ್ಟೆ ಮುಚ್ಚಿದ್ದೀನಿ. ನೀನು ಅಲ್ಲಿ ಇಳಿ, ಮಗೂನ ಎತ್ಕೋ, ಫೋನ್ ಮಾಡು. ಆಗ ಚೆಲ್ತೀನಿ, ಪೂರ್ತಿ ಬಕೆಟ್ಟು. ಆಮೇಲೆ ಬೇಡ ಅಂದ್ರೂ ಬರ್ತೀಯಾ."

ಫೋನಿಗೆ ಕಾಣುವುದಿಲ್ಲ ಎಂಬುದನ್ನು ಮರೆತು ಖಮೈಸ್ ತಲೆಯಾಡಿಸಿದ.

"ಕೇಳಿಸ್ತಾ?"

"ಕೇಳಿಸ್ತು."

"ಜ್ರೀರ್ ಡಬ್ಬಿ ತಲೆಕೆಳಗೆ ಇಟ್ಟಿಲ್ಲ ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಫೋನಿಟ್ಟಳು.

ಲಲ್ಲಾ ಝುಹೂರ್ ಅವಸರದಲ್ಲಿ ತನ್ನ ಬಾಟಲಿಯ ಮುಚ್ಚಳವನ್ನು ವಾಪಸ್ ಬಿಗಿದಳು. ಬಿಗಿದು, ಹಲ್ಲಿನಿಂದ ಇನ್ನೊಂದು ಸುತ್ತು ತಿರುಗಿಸಿದಳು. "ಯಾರೂ ನೀರು ಚೆಲ್ಲಬೇಡ್ರಪ್ಪಾ! ಇವನು ತಿರುಗಿಬಿಡ್ತಾನೆ!" ಎಂದು ಸಾಲಿನ ಉದ್ದಕ್ಕೂ ಕೂಗಿದಳು. ನನ್ನ ಕಣ್ಣಾರೆ ಕಂಡೆ, ಸೂಟು ಹಾಕಿದ್ದ ಒಬ್ಬ ಎಂಜಿನಿಯರು ಕುಡಿಯಲೆಂದು ಎತ್ತಿದ್ದ ಬಾಟಲಿಯನ್ನು ಹಾಗೇ ಇಳಿಸಿ ಚೀಲಕ್ಕೆ ಹಾಕಿಕೊಂಡ. ಗಾಜಿನ ಆಚೆ, ಏಣಿಯ ಮೇಲಿದ್ದವನೊಬ್ಬ ಆ ಬಾಗಿಲನ್ನು ಭುಜದಿಂದ ಗುದ್ದಿದ. ಅದು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಇಲ್ಲ ಎಂದೂ ಹೇಳುವುದಿಲ್ಲ.

ಜನ ಗೇಟಿಗೆ ನುಗ್ಗಿದರು. ಖಮೈಸ್ ಮಾತ್ರ ಕುಳಿತೇ ಇದ್ದ. ನಾನೂ ಕುಳಿತೆ.

ಸಾಲು ಕರಗುತ್ತಾ ಬಂದಾಗ ಯುಸ್ರಾ ಮೇಜು ಬಿಟ್ಟು ನಮ್ಮ ಬಳಿ ಬಂದಳು. ಹುಡುಗಿಗೆ ಪಾಪ, ಸುಳ್ಳು ಹೇಳಲು ಬರುತ್ತಿರಲಿಲ್ಲ. "ಚಿಕ್ಕಪ್ಪಾ, ನೀವು ಬೆಳಿಗ್ಗೆಯಿಂದ ಕೇಳ್ತಿದ್ರಲ್ಲ. ಐದು ಗಂಟೆ ದಾಟ್ತು. ಈಗ ನಿಮಗೆ ಹಕ್ಕಿದೆ. ಬೇಡ ಅಂದ್ರೆ ಟಿಕೆಟ್ ದುಡ್ಡು ಪೂರ್ತಿ ವಾಪಸ್, ಯಾರೂ ಏನೂ ಕೇಳಲ್ಲ. ಪೆಟ್ಟಿಗೆ ಇಳಿಸೋಕೆ ಮಾತ್ರ ಆ ಬಾಗಿಲು ಮತ್ತೆ ತೆಗೀಬೇಕಾಗುತ್ತೆ."

ಮೂವರೂ ಆ ಬಾಗಿಲನ್ನು ನೋಡಿದೆವು.

"ಹಕ್ಕಿದೆ ಅಂತೀಯಾ ಮಗಳೇ," ಎಂದ ಖಮೈಸ್.

"ಇದೆ ಚಿಕ್ಕಪ್ಪಾ."

"ಈ ಸಲ ಹಕ್ಕಿನಿಂದಾನೇ ಮನೆಗೆ ಹೋಗ್ಬಹುದು."

"ಹೋಗ್ಬಹುದು."

ಅವನು ನನ್ನ ಕಡೆ ತಿರುಗಿದ. ಹಣೆಯ ತುಂಬ ಬೆವರು. "ಸಿ ತಿಜಾನಿ, ನೀವಾಗಿದ್ರೆ ಏನ್ಮಾಡ್ತಿದ್ರಿ?"

ಯಾರಾದರೂ ನನ್ನ ಸಲಹೆ ಕೇಳಿದರೆ ನನಗೆ ಗೊತ್ತಿರುವ ಉತ್ತರ ಒಂದೇ. ಇನ್ನೊಬ್ಬ ಸಂಬಂಧಿಕನನ್ನು ಹೊರತೆಗೆದೆ.

"ಕೇಳಿ. ನಮ್ಮ ಭಾವನೊಬ್ಬ ಇದ್ದ, ಬಶ್ರೂಶ್ ಅಂತ. ನಿಮಗಿಂತ ಹೆದರುಪುಕ್ಕಲ. ಅವನೂ ಹೀಗೇ ಐದು ಗಂಟೆ ಕಾದು, ಹಕ್ಕು ಚಲಾಯಿಸಿ, ದುಡ್ಡು ತಗೊಂಡು ಮನೆಗೆ ಹೋದ. ಬಾಗಿಲು ತಟ್ಟಿದ. ಒಳಗಿಂದ ಅವನ ಹೆಂಡ್ತಿ, ಯಾರು ಅಂದಳು. ನಾನು ಅಂದ. ಅವರು ಫ್ರಾನ್ಸಿಗೆ ಹೋಗಿದ್ದಾರಲ್ಲ ಅಂದಳು. ಇವನಿಗೇ ಅನುಮಾನ ಬಂತು. ಹೌದಲ್ಲಾ, ಹೋಗಿರಬೇಕು ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತ. ತನಗೆ ತಾನೇ ಕಾಯೋಕೆ ಶುರುಮಾಡ್ದ. ಬೀದಿಯೋರು ಊಟ ಕೊಟ್ರು. ಗಡ್ಡ ಬೆಳೀತು. ಒಂದು ದಿನ ಆ ಮೆಟ್ಟಿಲ ಮುಂದೆ ಒಂದು ಟ್ಯಾಕ್ಸಿ ಬಂದು ನಿಲ್ತು. ಹಿಂದಿನ ಬಾಗಿಲು ತೆಗೀತು. ಸೂಟು, ಹ್ಯಾಟು, ಕೈಯಲ್ಲಿ ಫ್ರಾನ್ಸಿನ ಪೆಟ್ಟಿಗೆ. ಬಶ್ರೂಶ್ ತಲೆ ಎತ್ತಿ ನೋಡ್ತಾನೆ, ಆ ಇಳಿದೋನು ಬೇರೆ ಯಾರೂ ಅಲ್ಲ, ಅವನು—"

ಖಮೈಸ್ ಎದ್ದು ನಿಂತಿದ್ದ. ಮುಚ್ಚಳ ತೆಗೆಯದ ಬಾಟಲಿಯನ್ನು ನನ್ನ ತೊಡೆಯ ಮೇಲಿಟ್ಟು, ಟೋಪಿ ಸರಿಮಾಡಿಕೊಂಡು, ಮಿನಾರಿನ ಏಣಿ ಹತ್ತುವವನ ಹಾಗೆ ಒಂದೊಂದೇ ಹೆಜ್ಜೆ ಊರುತ್ತಾ ಗೇಟಿನ ಒಳಗೆ ನಡೆದುಬಿಟ್ಟ. ಒಂದು ಸಲವೂ ತಿರುಗಿ ನೋಡಲಿಲ್ಲ.